ಡಬ್ಬಿಯಲ್ಲಿದ್ದ ಬೂದಿ

ಮೊದಲೇ ಹೇಳಿಬಿಡುತ್ತೇನೆ: ಈ ರೋಗ ನನ್ನದು, ಪೆಟ್ಟು ತಿಂದವನು ಬೇರೆಯವನು. ಅವನ ಹೆಸರು ಸಂಗಪ್ಪ. ಇಚಲಕರಂಜಿಯಲ್ಲಿ ನನ್ನ ಅಕ್ಕನ ಗಂಡನ ಮಗ್ಗದ ಕಾರ್ಖಾನೆಯಲ್ಲಿ ನೇಕಾರ. ಕಾಯಿಲೆಯ ಬಗ್ಗೆ ಬರೆಯುವವರು ತಾವು ಪಟ್ಟ ಪಾಡನ್ನು ಬರೆಯುತ್ತಾರೆ. ನಾನು ಪಟ್ಟದ್ದು ಸ್ವಲ್ಪ, ಪಡಿಸಿದ್ದು ಬಹಳ. ಅದನ್ನು ಬಿಟ್ಟು ಬರೆದರೆ ಅರ್ಧ ಸಾಕ್ಷಿ ನುಡಿದಂತೆ. ಅರ್ಧ ಸಾಕ್ಷಿ ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಮಹಾಯುದ್ಧದ ಕಾಲ. ನಾನು ಕೊಲ್ಲಾಪುರದಲ್ಲಿ ಕಾನೂನು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ವಾದಿಸುತ್ತಿದ್ದೆ ಎನ್ನುವುದು ಸರಿ. ಚರ್ಚಾಕೂಟದಲ್ಲಿ ದೇವರಿದ್ದಾನೆ ಎಂಬ ಪಕ್ಷಕ್ಕೂ ಇಲ್ಲ ಎಂಬ ಪಕ್ಷಕ್ಕೂ ಒಂದೇ ವಾರದಲ್ಲಿ ನಿಂತು ಎರಡು ಸಲವೂ ಗೆದ್ದವನು ನಾನು. ಸಾಕ್ಷಿ ಇಲ್ಲದ್ದನ್ನು ನಂಬುವುದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತ ತಿರುಗುತ್ತಿದ್ದೆ.

ರೋಗ ಬಂದದ್ದು ಮೆಸ್ಸಿನಲ್ಲಿ. ಮಧ್ಯಾಹ್ನ ಉಂಡು ಎದ್ದವನು ಸಂಜೆಗೆ ಪಾಯಖಾನೆಯ ಗೋಡೆ ಹಿಡಿದು ಕೂತೆ. ಒಳಗೆ ಯಾರೋ ಕರುಳನ್ನು ಒದ್ದೆ ಧೋತರದ ಹಾಗೆ ಎರಡು ತುದಿಯಲ್ಲಿ ಹಿಡಿದು ಹಿಂಡುತ್ತಿದ್ದರು. ಹಿಂಡಿದಾಗೊಮ್ಮೆ ಚಮಚೆಯಷ್ಟು ಲೋಳೆ, ಅದರ ತುಂಬ ರಕ್ತ. ಎರಡನೆಯ ದಿನ ಗೋಡೆಗೆ ಹಣೆ ಚಚ್ಚಿಕೊಂಡೆ, ತಲೆನೋವಿನಲ್ಲಿ ಹೊಟ್ಟೆನೋವು ಮರೆತೀತೇ ಎಂದು. ಮರೆಯಲಿಲ್ಲ. ನೋವು ಎರಡಾದವು.

ಗಡಹಿಂಗ್ಲಜದ ನಮ್ಮ ಮನೆಗೆ ನನ್ನನ್ನು ಎತ್ತಿ ತಂದರು. ಅಲ್ಲಿ ಆಯಿ ಇದ್ದಳು, ನನ್ನ ತಾಯಿಯ ತಾಯಿ. ನಾವು ಜೈನರು. ಆಯಿಯ ಅಡುಗೆಮನೆಯಲ್ಲಿ ಸೋಸದ ನೀರು ಒಳಗೆ ಬರುತ್ತಿರಲಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಅವಳು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಿದ್ದಳು, ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಲಿ ಎಂದು. ಇದನ್ನು ಕುರಿತು ನಾನು ಮಾಡದ ಗೇಲಿ ಇಲ್ಲ. ಆದರೂ ಮೂರು ವಾರ ಗಂಜಿ ಕುಡಿಸಿ, ನನ್ನ ಹೊಲಸು ಬಳಿದು, ನನ್ನನ್ನು ಎಬ್ಬಿಸಿ ಕೂಡಿಸಿದವಳು ಅವಳೇ.

ಎದ್ದ ಮೇಲೆ ಡಾಕ್ಟರರು ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. “ನೋವಿಲ್ಲ, ರಕ್ತ ಇಲ್ಲ, ಹಸಿವಿ ಕಡಿದು ತಿನ್ನಾಕತ್ತೈತಿ. ರೋಗ ಇನ್ನೂ ಐತಿ ಅನ್ನಾಕ ಸಾಕ್ಷಿ ಏನ್ರಿ?” ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು. ನಾನು ಗೆದ್ದೆ ಎಂದುಕೊಂಡೆ.

ಆಯಿಯನ್ನು ಕರೆದುಕೊಂಡು ಇಚಲಕರಂಜಿಗೆ, ಅಕ್ಕ ಚಂಪಾಳ ಮನೆಗೆ ಹೋದೆ. ಅಕ್ಕನ ಗಂಡ ಆದಪ್ಪಮಾಮಾನ ಮನೆಯ ಹಿಂದೆಯೇ ಮಗ್ಗದ ಶೆಡ್ಡು, ಅದರ ಹಿಂದೆ ಅಂಗಳ, ಬಾವಿ. ಬಾವಿಯ ಆಚೆ ಕೆಲಸಗಾರರ ಖೋಲಿಗಳು. ಅಲ್ಲಿದ್ದವರು ಸಂಗಪ್ಪ, ಅವನ ಹೆಂಡತಿ ನೀಲವ್ವ, ಮೂರು ವರ್ಷದ ಮಗ ಬಸು. ಅಕ್ಕನ ಮಗಳು ಸುಮತಿಗೆ ಎರಡೂವರೆ. ಪಕ್ಕದ ಗಲ್ಲಿಯ ಮಲಗೊಂಡನ ಮಗಳು ಗೌರಿಯೂ ಇವರ ಜೊತೆಗೆ ಆಡಲು ಬರುತ್ತಿದ್ದಳು.

ಸುಮತಿಗೆ ಒಳಗೆ ತಾಟು, ಆ ಇಬ್ಬರಿಗೆ ಹೊರಗೆ ಎಲೆ. ಅದನ್ನು ನನಗೆ ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ದೊಡ್ಡ ತಾಟಿನಲ್ಲಿ ಅವಲಕ್ಕಿಗೆ ಮೊಸರು ಹಾಕಿ, ನನ್ನ ಕೈಯಿಂದಲೇ ಕಲಸಿ, ಬಾವಿಯ ಕಟ್ಟೆಯ ಮೇಲೆ ಮೂವರನ್ನೂ ಸಾಲಾಗಿ ಕೂಡಿಸಿ ತುತ್ತು ಕೊಟ್ಟೆ. “ನೋಡ್ರಿ, ಒಂದ ತಾಟು, ಮೂರು ಬಾಯಿ. ಯಾರ ಹಲ್ಲಾದ್ರೂ ಉದುರಿದುವೇನು?” ಎಂದು ಅಕ್ಕನಿಗೆ ಕೇಳುವಂತೆ ಕೂಗಿದೆ. ಮಗ್ಗ ನಿಲ್ಲಿಸಿ ಹೊರಗೆ ಬಂದಿದ್ದ ಸಂಗಪ್ಪ ನಕ್ಕ. “ವಕೀಲ್ರ ಕೈ ಭಾಳ ಹಗೂರ ಐತಿ. ನನ್ನ ಮಗ ನಮ್ಮ ಕೈಲೆ ಇಷ್ಟು ತಿನ್ನೂದಿಲ್ರಿ.”

ಅವಲಕ್ಕಿ ಕಲಸುವ ಮೊದಲು ನಾನು ಕೈಗೆ ನೀರು ಹಾಕಿಕೊಂಡಿದ್ದೆ. ನೀರು ಮಾತ್ರ.

ಮೂರನೆಯ ದಿನ ಸುಮತಿ ಬಿದ್ದಳು. ಜ್ವರ ಏರಿ ಕೈಕಾಲು ಸೆಟೆದು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಹಲ್ಲು ಕಚ್ಚಿದವು. ಅಕ್ಕ ಹಲ್ಲಿನ ನಡುವೆ ಬೆರಳು ತೂರಿಸಿದಳು, ಬೆರಳು ಕಡಿದು ರಕ್ತ ಬಂತು. ಯಾವ ರಕ್ತ ಯಾರದೆಂದು ತಿಳಿಯದಷ್ಟು ಹಾಸಿಗೆ ಕೆಂಪಾಗಿತ್ತು. ಅದೇ ದಿನ ಬಸು, ಅದರ ಮರುದಿನ ಗೌರಿ. ನನ್ನ ಕರುಳನ್ನು ಹಿಂಡಿದ ಕೈಯೇ ಆ ಮೂರು ಪುಟ್ಟ ಹೊಟ್ಟೆಗಳನ್ನು ಹಿಂಡುತ್ತಿತ್ತು. ಆ ನೋವಿನ ಗುರುತು ನನಗೆ ಸಿಕ್ಕಿತ್ತು. ಗುರುತು ಸಿಕ್ಕಿದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಸುದ್ದಿ ಮುಟ್ಟಿ ಕೊಲ್ಲಾಪುರದ ಪ್ರಯೋಗಶಾಲೆಯಿಂದ ದಾಜಿಬಾ ಬಂದ. ಚಂದಗಡ ಕಡೆಯವನು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅವನ ಕೈಯಲ್ಲಿ ತಗಡಿನ ಡಬ್ಬಿಗಳು. “ಮಕ್ಕಳದ್ದಷ್ಟ ಅಲ್ರಿ, ಎರಡೂ ಮನ್ಯಾಗಿನ ಎಲ್ಲಾರದೂ ಬೇಕು. ತಾಜಾ ಬೇಕು. ಡಬ್ಬ್ಯಾಗ ಬ್ಯಾರೆ ಏನೂ ಬೀಳಬಾರದು, ಔಷಧ, ಸುಣ್ಣ, ಏನೂ.” ರಕ್ತ ಬೀಳಿಸುವ ರೋಗ ಎರಡು ಬಗೆಯದಂತೆ. ಒಂದಕ್ಕೆ ಸೂಜಿ. ಇನ್ನೊಂದಕ್ಕೆ ಹೊಸ ಸಲ್ಫಾ ಗುಳಿಗೆ. ಯುದ್ಧದಿಂದಾಗಿ ಗುಳಿಗೆ ಸಿಗುವುದೇ ಕಷ್ಟ, ಹೀಗಾಗಿ ಯಾರ ಮಲದಿಂದ ಪ್ರಯೋಗಶಾಲೆಯ ತಟ್ಟೆಯಲ್ಲಿ ಆ ಕ್ರಿಮಿ ಬೆಳೆಯುವುದೋ ಅವರಿಗೆ ಮಾತ್ರ ಎಂದು ದವಾಖಾನೆಯ ಡಾಕ್ಟರರ ಕಟ್ಟಪ್ಪಣೆ.

ಆಯಿ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. “ಬೆಳಸೂದಂದ್ರ ಏನಪಾ?”

“ಗಾಜಿನ ತಟ್ಟ್ಯಾಗ ಅದಕ್ಕ ಊಟ ಹಾಕ್ತೀವ್ರಿ ಆಯಿ. ಪಾಚಿ ಕುದಿಸಿದ ಜೆಲ್ಲಿ, ಹಾಲಿನ ಸಕ್ರಿ, ಕೆಂಪ ಬಣ್ಣ, ಮತ್ತ...” ದಾಜಿಬಾ ನನ್ನ ಮುಖ ನೋಡಿದ. “ಮಾಂಸದ ಸಾರು.”

“ಹುಟ್ಟಿದ ಮ್ಯಾಲ ಆ ಜೀವಾನ ಏನ ಮಾಡ್ತಿ?”

“ನೋಡಿ ಆದ ಮ್ಯಾಲ ತಟ್ಟಿ ಸುದ್ದಾ ಕುದಿಸ್ತೀನ್ರಿ.”

ನಾನು ಬಿಡಲಿಲ್ಲ. “ಆಯಿ, ನಿನ್ನ ಮರಿಮೊಮ್ಮಗಳ ಹೊಟ್ಟಿ ಹರ್ಯಾಕತ್ತಾವ ಅವು. ಅವಕ್ಕ ಅಹಿಂಸಾ ಹೇಳಿಕೊಡು ಹೋಗು.” ಆಯಿ ಎದ್ದು ಒಳಗೆ ಹೋದಳು. ಅವಳು ಹೋದದ್ದು ಒಲೆಯ ಕಡೆಗೆ ಎಂಬುದನ್ನು ನಾನು ಗಮನಿಸಲಿಲ್ಲ. ಹೊಲಸು ಗಾಳಿಗೆ ತೆರೆದಿದ್ದರೆ ಅದರಲ್ಲಿ ಎಣಿಸಲಾಗದಷ್ಟು ಜೀವ ಹುಟ್ಟುತ್ತವೆ, ಬೂದಿ ಮುಚ್ಚಿದರೆ ಹುಟ್ಟುವುದಿಲ್ಲ. ಇದು ಅವಳು ಹುಟ್ಟಿದಾಗಿನಿಂದ ಪಾಲಿಸಿದ್ದು. ಕುದಿಸುವುದಕ್ಕಾಗಿಯೇ ಹುಟ್ಟಿಸುವುದು ಅವಳಿಂದ ಆಗದ ಮಾತು.

ಎರಡು ಮನೆಯ ಎಂಟು ಡಬ್ಬಿ ಚೀಲದಲ್ಲಿಟ್ಟು, ಪೆಟ್ರೋಲಿಲ್ಲದೆ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಮೋಟಾರು ಬಸ್ಸು ಹಿಡಿದು ಕೊಲ್ಲಾಪುರಕ್ಕೆ ಒಯ್ದವನು ನಾನೇ. ಗೌರಿಯ ಡಬ್ಬಿ ಇರಲಿಲ್ಲ. ಮಲಗೊಂಡ ಕೊಡುವುದಿಲ್ಲ ಎಂದಿದ್ದ. ದಾಜಿಬಾ ತಂತಿಯ ಕುಣಿಕೆಯನ್ನು ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಒಂದೊಂದು ಡಬ್ಬಿಯಿಂದ ಚೂರು ತೆಗೆದು ತಟ್ಟೆಯ ಮೇಲೆ ಗೆರೆ ಎಳೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ. ಮರುದಿನ ಬೆಳಿಗ್ಗೆ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ.

“ಹಾಲಿನ ಸಕ್ರಿ ತಿಂದವು ಕೆಂಪ ಚುಕ್ಕಿ ಆಗ್ತಾವ. ಅವು ಎಲ್ಲಾರ ಹೊಟ್ಟ್ಯಾಗೂ ಇರೂವ, ಸಾಧು. ತಿನ್ನದವು ಬಣ್ಣಿಲ್ಲದಂಗ ಉಳೀತಾವ. ಅದ ನೋಡ್ರಿ ಕಳ್ಳ.” ಸಂಗಪ್ಪ, ನೀಲವ್ವ ಇಬ್ಬರ ತಟ್ಟೆಯೂ ಕೆಂಪು. ಬಸುವಿನದರಲ್ಲಿ ಕೆಂಪಿನ ನಡುವೆ ಮಂಜಿನ ಹನಿಯಂತೆ ಬಣ್ಣವಿಲ್ಲದ ಚುಕ್ಕೆಗಳು. ನಮ್ಮ ಮನೆಯ ಐದೂ ತಟ್ಟೆ ಖಾಲಿ. ತೊಳೆದಿಟ್ಟ ಹಾಗೆ.

ದಾಜಿಬಾ ಹುಬ್ಬು ಗಂಟಿಕ್ಕಿ ಒಂದು ಚೀಟಿ ಬರೆದುಕೊಟ್ಟ. ಅದರಲ್ಲಿ ಎರಡು ಸಾಲು. ಮೊದಲನೆಯದು, ಈ ಐವರ ತಟ್ಟೆಯಲ್ಲಿ ಏನೂ ಬೆಳೆದಿಲ್ಲ. ಎರಡನೆಯದು, ಕೆಂಪು ಸಹ ಇಲ್ಲ, ಇದು ಸರಿಯಲ್ಲ, ಮತ್ತೆ ತರಬೇಕು. ಬಸುವಿನ ಗುಳಿಗೆಯ ಪೊಟ್ಟಣ ಕೊಟ್ಟ. ಸುಮತಿಗೆ ಕೊಡಲಿಲ್ಲ.

ನಾನು ಮೊದಲ ಸಾಲು ಓದಿ ಚೀಟಿ ಮಡಚಿದೆ. ಎರಡನೆಯದನ್ನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ. ನನಗೆ ಬೇಕಾದದ್ದು ಮೊದಲನೆಯದರಲ್ಲಿತ್ತು. ನನ್ನ ಎದೆಯಲ್ಲಿ ಐದು ದಿನದಿಂದ ಕೂತಿದ್ದ ಒಂದು ಅನುಮಾನವನ್ನು ಆ ಸಾಲು ಎತ್ತಿ ಹೊರಗೆ ಎಸೆದಿತ್ತು. ಎಸೆದದ್ದನ್ನು ಮತ್ತೆ ಯಾರು ಹೆಕ್ಕಿ ತರುತ್ತಾರೆ?

ಇಚಲಕರಂಜಿಗೆ ಬಂದಾಗ ಮಧ್ಯಾಹ್ನ. ಬೆಳಿಗ್ಗೆ ಗೌರಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ಮಂದಿ ಅಂಗಳದಲ್ಲಿ ನಿಂತಿದ್ದರು, ಇಪ್ಪತ್ತು ಜನ ಇದ್ದಿರಬೇಕು. ಮಗ್ಗಗಳು ನಿಂತಿದ್ದವು. ಪೊಟ್ಟಣವನ್ನು ನೀಲವ್ವನ ಕೈಗೆ ಕೊಟ್ಟೆ. ಆಗ ಮಲಗೊಂಡ ಕೇಳಿದ, “ವಕೀಲ್ರ, ಕೊಲ್ಲಾಪುರದಾಗ ಏನಂದ್ರು? ನನ್ನ ಕೂಸಿನ್ನ ತಿಂದದ್ದು ಯಾವದು?”

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗೆ ಇಪ್ಪತ್ತು ಮುಖ. ನನಗೆ ಗೊತ್ತಿದ್ದುದು ಒಂದೇ ವಿದ್ಯೆ, ಅದನ್ನೇ ಮಾಡಿದೆ. ಚೀಟಿ ಎತ್ತಿ ಮೊದಲ ಸಾಲು ಓದಿದೆ. “ಈ ಮನ್ಯಾಗ ಕ್ರಿಮಿ ಇಲ್ಲ, ಲ್ಯಾಬಿನ ಸಾಕ್ಷಿ ಐತಿ. ಬಾವಿ ಆಚೆ ಖೋಲ್ಯಾಗ ಐತಿ, ಅದಕ್ಕೂ ಸಾಕ್ಷಿ ಐತಿ. ಆ ಖೋಲಿ ಕೂಸಿನ ಹೊಲಸ ಅರಿವಿ ಯಾವ ಕಟ್ಟಿ ಮ್ಯಾಲ ಒಗದಾರ, ನೀವ ನೋಡೀರಿ. ಇನ್ನ ಮ್ಯಾಲ ನಾ ಹೇಳೂದೇನೈತಿ?”

ಕೊನೆಯ ಆ ಪ್ರಶ್ನೆ ಚರ್ಚಾಕೂಟದಲ್ಲಿ ಕಲಿತದ್ದು. ತೀರ್ಪನ್ನು ಕೇಳುವವರ ಬಾಯಿಗೆ ಬಿಡಬೇಕು ಎನ್ನುತ್ತಾರೆ. ಬಾಯಿಗೆ ಬಿಟ್ಟೆ. ಅವರು ಕೈಗೆ ತೆಗೆದುಕೊಂಡರು.

ಮಲಗೊಂಡ ಮಗ್ಗದಲ್ಲಿ ಅಡ್ಡ ಎಳೆ ಓಡಿಸುವ ಲಾಳಿಯೊಂದನ್ನು ಶೆಡ್ಡಿನ ಬಾಗಿಲಿಂದ ತೆಗೆದು ಬೀಸಿದ. ಲಾಳಿಯ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಅದು ಸಂಗಪ್ಪನ ಕೆನ್ನೆಯನ್ನು ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಸೀಳಿತು. “ಅಣ್ಣಾ, ನನ್ನ ಮಗನೂ ಬಿದ್ದಾನೋ” ಎಂದು ಸಂಗಪ್ಪ ಕೈ ಮುಂದೆ ಮಾಡಿದ. ಯಾರೋ ಮಗ್ಗದ ಬಡಿಗೆಯಿಂದ ಮೊಣಕಾಲಿಗೆ ಹೊಡೆದರು. ಬಿದ್ದವನನ್ನು ಒದ್ದರು, ಪಕ್ಕೆಗೆ, ಬೆನ್ನಿಗೆ, ತಲೆಗೆ. ಅವನು ತೆವಳಿ ಹೋಗಿ ಬಲಗೈಯಿಂದ ಬಾವಿಯ ಕಟ್ಟೆ ಹಿಡಿದುಕೊಂಡ, ಮೂರು ಮಕ್ಕಳನ್ನು ನಾನು ಕೂಡಿಸಿದ್ದ ಜಾಗದಲ್ಲೇ. ಆ ಕೈಯ ಮೇಲೆ ಒಬ್ಬ ಬಡಿಗೆಯನ್ನು ಎರಡೂ ಕೈಯಿಂದ ಎತ್ತಿ ಇಳಿಸಿದ. ಹಸಿ ಕಟ್ಟಿಗೆ ಮುರಿದ ಸಪ್ಪಳ. ಇನ್ನೊಮ್ಮೆ ಎತ್ತಿ ಇಳಿಸಿದ.

ನಾನು “ಬ್ಯಾಡ್ರಿ” ಎಂದೆ. ಒಂದು ಸಲ. ಮೆಟ್ಟಿಲಿಳಿದು ಹೋಗಲಿಲ್ಲ.

ನೀಲವ್ವ ಗಂಡನ ಮೇಲೆ ಬೋರಲು ಬಿದ್ದು ಎರಡು ಪೆಟ್ಟು ತಾನು ತಿಂದಳು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು. “ಏ ವಕೀಲಾ, ನಿಮ್ಮ ಡಬ್ಬ್ಯಾಗ ಏನಿತ್ತಂತ ನಿಮ್ಮ ಆಯೀನ ಕೇಳು. ಐದೂ ಡಬ್ಬಿಗೆ ಒಲಿಯಾಗಿನ ಬಿಸಿ ಬೂದಿ ಕಲಸ್ಯಾಳ. ನಮ್ಮವಕ್ಕೂ ಹಾಕಾಕ ಬಂದಿದ್ಲು, ನಾ ಕಸಗೊಂಡ್ನಿ. ಕೇಳು.”

ಬಡಿಗೆ ಹಿಡಿದ ಕೈಗಳು ನಿಂತವು. ಆಯಿ ನನ್ನ ಹಿಂದೆ ಬಾಗಿಲಲ್ಲೇ ಇದ್ದಳು.

“ಹಾಕೇನಿ,” ಎಂದಳು. “ಕುದಿಸಿ ಸಾಯಸೂದಕ್ಕ ಜೀವ ಹುಟ್ಟಸ್ತಾರಂದ್ರ ಹಾಕದ ಏನ ಮಾಡ್ಲಿ?” ಅಂಗಳ ನೋಡಿದಳು, ನನ್ನನ್ನು ಹೆಸರು ಹಿಡಿದು ಕರೆದಳು. “ಅವು ಹುಟ್ಟಬಾರದಂತ ಹಾಕಿದ್ನಿ, ನೇಮ್ಯಾ. ಇವನ್ನ ಯಾರು ಬಡೀರಿ ಅಂದ್ರು?”

ಒಳಗೆ ಸುಮತಿ ಅಳುವುದನ್ನೂ ನಿಲ್ಲಿಸಿದ್ದಳು. ಅದು ಒಳ್ಳೆಯದಲ್ಲ ಎಂದು ನನಗೂ ಗೊತ್ತಾಯಿತು. ಕಣ್ಣು ಒಳಗೆ ಹೋಗಿದ್ದವು. ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು. ಗುಳಿಗೆ ಸಿಗಬೇಕಾದರೆ ತಟ್ಟೆಯಲ್ಲಿ ಕ್ರಿಮಿ ಬರಬೇಕು. ನಮ್ಮ ಮನೆ ಶುದ್ಧ ಎಂದು ಊರಿಗೆಲ್ಲ ಸಾಧಿಸಿ ಬಂದವನು ನಾನೇ.

ಮತ್ತೆ ಕೊಲ್ಲಾಪುರ. ದಾಜಿಬಾ ಬೂದಿಯ ಮಾತು ಕೇಳಿ ಬೈಯಲಿಲ್ಲ. “ಎರಡನೇ ಸಾಲು ಓದಲಿಲ್ಲೇನ್ರಿ?” ಎಂದಷ್ಟೇ ಕೇಳಿ, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಜೊತೆಗೇ ಹೊರಟ. ಸಂಗಪ್ಪನನ್ನು ಅಷ್ಟರಲ್ಲಿ ಚಕ್ಕಡಿಯಲ್ಲಿ ಮಲಗಿಸಿ ದವಾಖಾನೆಗೆ ಒಯ್ದಿದ್ದರು.

“ಈ ಸಲ ಡಬ್ಬಿ ಇಲ್ಲ. ನಾನ ತಗೋತೀನಿ,” ಎಂದು ದಾಜಿಬಾ ಹತ್ತಿ ಸುತ್ತಿದ ಗಾಜಿನ ಕಡ್ಡಿಗಳನ್ನು ತೆಗೆದ. ಸುಮತಿಯದಾಯಿತು, ಅಕ್ಕನದು, ಮಾಮಾನದು, ಆಯಿಯದು. ಆಯಿ ಗೋಡೆಗೆ ಮುಖ ಮಾಡಿ ನಿಂತಳು. ನನ್ನ ಸರದಿ ಬಂದಾಗ, “ನನಗೇನೂ ಆಗಿಲ್ಲ, ಸುಮ್ನ ಒಂದು ತಟ್ಟಿ ಯಾಕ ಹಾಳ ಮಾಡ್ತಿ?” ಎಂದೆ.

“ಸಾಹೇಬ್ರ, ವಾದ ಆಮ್ಯಾಲ. ಈಗ ಬಗ್ರಿ.”

ಬಗ್ಗಿದೆ.

ಮರುದಿನ ಕೊಲ್ಲಾಪುರದ ಪ್ರಯೋಗಶಾಲೆಯ ಬೆಂಚಿನ ಮೇಲೆ ಕೂತಿದ್ದೆ. ಪೆಟ್ಟಿಗೆಯ ಬಾಗಿಲು ತೆರೆಯುವುದನ್ನು ಕಾಯುವುದು ಏನೆಂದು ಕಾದವರಿಗೇ ಗೊತ್ತು. ಸುಮತಿಯ ತಟ್ಟೆಯಲ್ಲಿ ಬಣ್ಣವಿಲ್ಲದ ಹನಿಗಳು. ದಾಜಿಬಾ ಗುಳಿಗೆಯ ಪೊಟ್ಟಣವನ್ನು ಮೊದಲು ನನ್ನ ಜೇಬಿಗೆ ತುರುಕಿದ. ಮೋಟಾರು ಹೊರಡಲು ಇನ್ನೂ ಹೊತ್ತಿತ್ತು. ಇನ್ನೊಂದು ತಟ್ಟೆ ಎತ್ತಿದ. ಅದರ ತುಂಬ ಮಂಜು ಸುರಿದಿತ್ತು. ಕೆಂಪಿಗೆ ಜಾಗವೇ ಇರಲಿಲ್ಲ.

“ಇದು ಯಾರದು?”

“ನಿಮ್ಮದ್ರಿ.”

“ನನಗ ಆರಾಮ ಆಗಿ ತಿಂಗಳಾತು.”

“ನಿಮಗ ಆರಾಮ ಆಗೇತಿ. ಅದಕ್ಕೂ ಆರಾಮನ ಐತಿ. ಅಲ್ಲೇ ಮನಿ ಮಾಡೇತಿ.”

ಗಾಜಿನ ಪಟ್ಟಿಯ ಮೇಲೆ, ಆ ಕ್ರಿಮಿಯ ಗುರುತು ಹಿಡಿಯುವ ಸೀರಮಿನ ಹನಿ ಇಟ್ಟು, ನನ್ನ ತಟ್ಟೆಯ ಒಂದು ಚುಕ್ಕೆಯನ್ನು ಅದರಲ್ಲಿ ತೇಯ್ದು ಆಡಿಸಿದ. ಹಾಲು ಒಡೆದ ಹಾಗೆ ಹನಿ ಗರಣೆ ಗರಣೆಯಾಯಿತು. ನಾನು ಆಗಲೂ ಬಿಡಲಿಲ್ಲ. “ಸೀರಮ್ ಕೆಟ್ಟಿರಬಹುದು.” ಅವನು ಇನ್ನೊಂದು ಹನಿ ಇಟ್ಟು ಅದಕ್ಕೆ ಕೆಂಪು ಚುಕ್ಕೆ ತೇಯ್ದ. ಒಡೆಯಲಿಲ್ಲ. ಮೂರನೆಯ ಹನಿಗೆ ಮತ್ತೆ ನನ್ನದು. ಒಡೆಯಿತು. “ಇನ್ನೇನ ಕೇಳ್ತೀರಿ, ಕೇಳ್ರಿ,” ಎಂದು ಕೈ ತೊಳೆಯಲು ಎದ್ದ. ಎರಡು ಸಲ ಸಾಬೂನು ಹಚ್ಚಿ ತೊಳೆದ.

ಒಂದು ತಾಟು, ಮೂರು ಬಾಯಿ, ಒಂದು ಕೈ.

ಗುಳಿಗೆಯನ್ನು ಅರೆದು ಅಕ್ಕ ಗಂಜಿಯ ತಿಳಿಯಲ್ಲಿ ಸುಮತಿಗೆ ಕುಡಿಸಿದಳು. ಮೊದಲ ಎರಡು ಸಲ ವಾಂತಿ. ಅಕ್ಕ ಮತ್ತೆ ಅರೆದಳು. ನನ್ನನ್ನು ಹೊಸ್ತಿಲ ಆಚೆ ನಿಲ್ಲಿಸಿದ್ದರು, ನಿಲ್ಲಿಸದಿದ್ದರೂ ನಾನೇ ನಿಲ್ಲುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಸುಮತಿ ಉಚ್ಚೆ ಹೊಯ್ದಳು. ಅಕ್ಕ ಒದ್ದೆ ಹಾಸಿಗೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ನಾಲ್ಕನೆಯ ದಿನ ಮಗು ನೀರು ಕೇಳಿತು. ಆಚೆ ಖೋಲಿಯಲ್ಲಿ ಬಸು ಅದಕ್ಕೆ ಮೊದಲೇ ಎದ್ದು ಕೂತಿದ್ದ.

ಆ ಸಂಜೆ ಮಂದಿಯನ್ನು ಕರೆಸಿ ಅಂಗಳದಲ್ಲಿ ನಿಂತೆ, ಮೆಟ್ಟಿಲ ಮೇಲಲ್ಲ. ಮೂರು ಮಾತು ಹೇಳಿದೆ: ಕ್ರಿಮಿ ನನ್ನ ಹೊಟ್ಟೆಯಲ್ಲಿದೆ. ಮಕ್ಕಳಿಗೆ ತಿನ್ನಿಸಿದವನು ನಾನು. ಚೀಟಿಯಲ್ಲಿ ಇನ್ನೊಂದು ಸಾಲಿತ್ತು, ನಾನು ಓದಿ ಹೇಳಲಿಲ್ಲ. ಮಲಗೊಂಡ ಲಾಳಿ ಹುಡುಕಲಿಲ್ಲ, ಬರಿಗೈಯಲ್ಲೇ ನನ್ನ ಕುತ್ತಿಗೆಗೆ ಬಂದ. ನಾನು ಕೈ ಎತ್ತದೆ ನಿಂತೆ. ಆದರೆ ನಾಲ್ಕು ಜನ ನಡುವೆ ಬಂದು ಅವನನ್ನು ಹಿಡಿದರು. “ಬ್ಯಾಡೋ, ಸಾವಕಾರ್ರ ಬೀಗರವರು.” ಹಿಡಿದವರಲ್ಲಿ ಇಬ್ಬರನ್ನು ನಾನು ಗುರುತಿಸಿದೆ. ಸಂಗಪ್ಪನಿಗೆ ಹೊಡೆಯುವಾಗ ಅವರ ಕೈಯಲ್ಲಿ ಬಡಿಗೆ ಇತ್ತು. ನನ್ನ ಮೈಗೆ ಒಂದು ಪೆಟ್ಟೂ ಬೀಳಲಿಲ್ಲ. ಅದು ಇಂದಿಗೂ ಬಾಕಿ ಇದೆ ಎಂದೇ ನನಗೆ ಅನ್ನಿಸುತ್ತದೆ.

ಆಮೇಲಿನ ತಿಂಗಳುಗಳು ನೋವಿಲ್ಲದ ರೋಗದವು. ಇದನ್ನು ಓದುವವರಲ್ಲಿ ನನ್ನಂಥವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತೇನೆ. ಮೈ ಗಟ್ಟಿಯಾಗಿರುತ್ತದೆ, ಹಸಿವಾಗುತ್ತದೆ, ಆದರೆ ನೀವು ಮುಟ್ಟಿದ ಲೋಟವನ್ನು ಕುದಿಸುತ್ತಾರೆ. ಸುಮತಿ ಕೈ ಚಾಚಿಕೊಂಡು ಓಡಿ ಬರುತ್ತಾಳೆ, ನೀವು ಹಿಂದೆ ಸರಿಯಬೇಕು. ನೆಗಡಿಯವನಿಗಾದರೂ ಮೂಗು ಸೋರುತ್ತದೆ, ಜನ ನಂಬುತ್ತಾರೆ. ನಿಮ್ಮದನ್ನು ನೀವೇ ನಂಬುವುದಿಲ್ಲ. ಗುಳಿಗೆ ನುಂಗಿದೆ, ನಿಲ್ಲಿಸಿದೆ, ಮತ್ತೆ ನುಂಗಿದೆ. ವಾರದ ಮೇಲೆ ವಾರ ದಾಜಿಬಾನ ಮುಂದೆ ಬಗ್ಗಿದೆ. ಅವನು ಚಂದಗಡದ ಮಳೆಯ ಮಾತಾಡುತ್ತ ಕೆಲಸ ಮುಗಿಸುತ್ತಿದ್ದ, ನಾನು ನಾಚಿಕೊಳ್ಳದಿರಲಿ ಎಂದು. ಆಯಿ ಮಾತ್ರ ಮೊದಲಿನಂತೆ ನನ್ನ ತಾಟನ್ನು ತಾನೇ ತೊಳೆದಳು. ನಾನು ಬೇಡ ಎಂದರೆ, “ಬೂದೀಲೆ ತಿಕ್ಕತೀನಿ ಬಿಡು,” ಎನ್ನುತ್ತಿದ್ದಳು.

ಒಂದಾದ ಮೇಲೊಂದು ಮೂರು ತಟ್ಟೆಗಳಲ್ಲಿ ಕೆಂಪು ಮಾತ್ರ ಬಂದಾಗ ದಾಜಿಬಾ ಚೀಟಿ ಬರೆದ. ಈ ಸಲ ಒಂದೇ ಸಾಲು: ಮೂರು ಸಲವೂ ಕ್ರಿಮಿ ಇಲ್ಲ. ಅದನ್ನು ಹಿಡಿದುಕೊಂಡು ಬಾವಿಯ ಆಚೆಗೆ ಹೋದೆ.

ಸಂಗಪ್ಪ ಬಾಗಿಲಲ್ಲಿ ಕೂತಿದ್ದ. ಅವನಿಗೆ ಚೀಟಿ ಓದಿ ಹೇಳಿದೆ. ಕೆನ್ನೆಯ ಗಾಯ ಮಾಯ್ದು ತುಟಿಯನ್ನು ಒಂದು ಕಡೆಗೆ ಎಳೆದಿತ್ತು. ಬಲಗೈಯ ಬೆರಳು ಕೂಡಿದ್ದವು, ಆದರೆ ಸೊಟ್ಟಗೆ. ಹರಿದ ಎಳೆಗೆ ಗಂಟು ಹಾಕಲು ಅವು ಮಡಚುತ್ತಿರಲಿಲ್ಲ. ಮಾಮಾ ಅವನನ್ನು ನೂಲು ಸುತ್ತಿದ ಕಂಡಿಕೆಗಳನ್ನು ಹೊರುವ ಕೆಲಸಕ್ಕೆ ಹಾಕಿದ್ದ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಒಲೆಯಿಂದ ಒಂದು ಹಿಡಿ ಬೂದಿ ತಂದು ನನ್ನ ಅಂಗೈಗೆ ಸುರಿದಳು, ಮೇಲೆ ನೀರು ಹಾಕಿದಳು. ಕೈ ತಿಕ್ಕಿ ತೊಳೆದೆ. ಅವಳು ರೊಟ್ಟಿಯ ಮೇಲೆ ಪಲ್ಯ ಹಾಕಿ ಅದನ್ನು ನನ್ನ ಕೈಗಿಟ್ಟು ಗಂಡನ ಕಡೆ ಗೋಣು ಮಾಡಿದಳು.

“ಮಕ್ಕಳಿಗೆ ತಿನಿಸಿದ್ರಲ್ಲ. ಇವರಿಗೂ ಕೊಡ್ರಿ.”

ಸಂಗಪ್ಪ ರೊಟ್ಟಿ ನೋಡಲಿಲ್ಲ, ನನ್ನ ಕೈ ನೋಡಿದ.

“ಮೂರು ಸಲಾನೂ ಏನೂ ಬರಲಿಲ್ಲೇನ್ರಿ?”

“ಬರಲಿಲ್ಲ.”

“ಕೆಂಪು ಬಂದಿತ್ತು?”

“ಬಂದಿತ್ತು.”

“ಡಬ್ಬ್ಯಾಗ ಬೂದಿ ಇರಲಿಲ್ಲ, ಹೌದಲ್ಲ?”

“ಡಬ್ಬಿನ ಇರಲಿಲ್ಲ. ದಾಜಿಬಾ ತಾನ ತಗೊಂಡಾನ.”

ನನ್ನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಆಮೇಲೆ ಎಡಗೈಯಿಂದ ರೊಟ್ಟಿ ತೆಗೆದುಕೊಂಡ, ತಿನ್ನಲಿಲ್ಲ, ತೊಡೆಯ ಮೇಲಿನ ತಾಟಿನಲ್ಲಿಟ್ಟ.

“ನಾಲ್ಕನೇದೂ ಮಾಡಸ್ರಿ,” ಎಂದ. “ಆಮ್ಯಾಲ ಬರ್ರಿ.”

ಮರುದಿನ ಮೊದಲ ಮೋಟಾರಿಗೆ ಕೊಲ್ಲಾಪುರಕ್ಕೆ ಹೊರಟೆ.